ಮನೆಗೆ ಯಾವ ಕೋವಿ?

ಕೊನೆಕೊಯ್ಲಿನ ದಿನಗಳು ಹತ್ತಿರವಾದವೆಂದರೆ ಸಂಘದ ಕಚೇರಿಯ ಜಗುಲಿಯಲ್ಲಿ ಗೊಬ್ಬರ, ಧಾರಣೆ, ಕೂಲಿಯ ಮಾತುಗಳ ನಡುವೆ ಕೋವಿಯ ಮಾತೂ ತಪ್ಪದೆ ಬರುತ್ತದೆ. “ಹಂದಿ ಕಾಟ ತಡೆಯಲಿಕ್ಕಾಗುವುದಿಲ್ಲ ಮಾರಾಯ್ರೆ. ಮನೆಯಲ್ಲಿ ಅಪ್ಪಯ್ಯ, ಅಮ್ಮ ಇಬ್ಬರೇ. ಒಂದು ಕೋವಿ ತೆಗೆಯುವ ಅಂತ. ಯಾವುದಾದೀತು?” ಎಂದು ಒಬ್ಬರು ಕೇಳುತ್ತಾರೆ. ಕೂಡಲೇ ನಾಲ್ಕು ಜನ ನಾಲ್ಕು ಕೋವಿಗಳ ಗುಣಗಾನಕ್ಕೆ ತೊಡಗುತ್ತಾರೆ. ಸಾಮಾನ್ಯವಾಗಿ ಅದು ಅವರವರ ಮನೆಯಲ್ಲಿರುವ ಕೋವಿಯೇ ಆಗಿರುತ್ತದೆ. ಅದನ್ನು ಎತ್ತಿ ಹಿಡಿಯುವವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದುದು ಅದನ್ನೇ.

ಶಿಕಾರಿಯ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಶಿಕಾರಿಗೆಂದು ಕೋವಿ ಕೊಳ್ಳುವುದಕ್ಕೆ ಅರ್ಥವಿಲ್ಲ. ಬೆಳೆ ರಕ್ಷಣೆಯ ಲೈಸೆನ್ಸ್ ಇದ್ದರೆ ಹಂದಿ ಹೊಡೆಯಬಹುದು ಎಂದು ತಿಳಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅದು ಕೋವಿ ಇಟ್ಟುಕೊಳ್ಳಲು ಕೊಟ್ಟ ಅನುಮತಿಯೇ ಹೊರತು ಪ್ರಾಣಿ ಕೊಲ್ಲಲು ಕೊಟ್ಟದ್ದಲ್ಲ. ನಿಂತ ಬೆಳೆ ಹಾಳುಮಾಡುವ ಹಂದಿಯನ್ನು ಹೊಡೆಯಲು ಅದೇ ಕಾಯಿದೆಯ 11ನೆಯ ಕಲಮಿನಂತೆ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಲಿಖಿತ ಅಪ್ಪಣೆ ಬೇರೆಯೇ ಬೇಕು. ಪ್ರಾಣ ಉಳಿಸಿಕೊಳ್ಳಲು ಹೊಡೆದರೆ ಮಾತ್ರ ಅಪರಾಧವಲ್ಲ. ಮಂಗನನ್ನಂತೂ 2022ರ ತಿದ್ದುಪಡಿ ಒಂದನೆಯ ಅನುಸೂಚಿಗೇ ಏರಿಸಿದೆ. ಏರ್‌ಗನ್ನಿನಿಂದ ಗಾಯಗೊಳಿಸುವುದೂ ಕಾಯಿದೆಯ ದೃಷ್ಟಿಯಲ್ಲಿ ಬೇಟೆಯೇ. ಆದ್ದರಿಂದ ನಮ್ಮ ಕೋವಿಗಳ ನಿತ್ಯದ ಕೆಲಸವೆಂದರೆ ಸದ್ದು ಮಾಡಿ ಬೆದರಿಸುವುದು, ಮತ್ತು ಒಂಟಿ ಮನೆಗೆ ಧೈರ್ಯವಾಗಿರುವುದು. ಈ ಎರಡಕ್ಕೆ ತಕ್ಕ ಕೋವಿ ಯಾವುದೆಂದು ನೋಡಬೇಕು.

ಕೇಪಿನ ಕೋವಿ ಅಗ್ಗ, ರಿಪೇರಿ ಸುಲಭ, ಲೈಸೆನ್ಸೂ ಬೇಗ ಸಿಗುತ್ತದೆ ಎಂಬುದು ಹಳಬರ ವಾದ. ಆದರೆ ಅದರ ದೊಡ್ಡ ದೋಷವನ್ನು ಯಾರೂ ಎಣಿಸುವುದಿಲ್ಲ. ನಳಿಗೆಯ ಬಾಯಿಯಿಂದ ಮದ್ದು, ಚರೆ ಹಾಕಿ ಜಡಿದ ಮೇಲೆ ಅದನ್ನು ಖಾಲಿಮಾಡಲು ಇರುವ ಸುಲಭ ದಾರಿ ಒಂದೇ, ಈಡು ಹಾರಿಸುವುದು. ರಾತ್ರಿ ಹಂದಿ ಬಾರದಿದ್ದರೆ ಮದ್ದು ದಂಡವೇಕೆಂದು ತುಂಬಿದ ಕೋವಿಯನ್ನೇ ಗೋಡೆಗೆ ತೂಗುಹಾಕುತ್ತೇವೆ. ನಮ್ಮ ಮನೆಯಲ್ಲೂ ಹಾಗೆಯೇ ಇತ್ತು. ಒಂದು ಮಳೆಗಾಲದ ಸಂಜೆ ತಂಗಿಯ ಮಗ ಅದೇ ಗೂಟದಲ್ಲಿದ್ದ ಕಂಬಳಿಯನ್ನು ಎಳೆದ. ಕಂಬಳಿಯ ಅಂಚು ಕೋವಿಯ ಕುದುರೆಗೆ ಸಿಕ್ಕಿ, ಅದು ಅರ್ಧ ಎದ್ದು ಕೇಪಿನ ಮೇಲೆ ಬಿತ್ತು. ಹೆಂಚು ಎರಡು ಸಾಲು ಹಾರಿಹೋದವು. ಕೆಳಗೆ ಅಮ್ಮ ಬತ್ತಿ ಹೊಸೆಯುತ್ತ ಕುಳಿತಿದ್ದಳು. ಯಾರಿಗೂ ಏನೂ ಆಗಲಿಲ್ಲ. ಆದರೆ ಹುಡುಗ ಮೂರು ದಿನ ಮಾತಾಡಲಿಲ್ಲ, ಅಮ್ಮ ಆ ಜಗುಲಿಯಲ್ಲಿ ಮತ್ತೆ ಕೂರಲಿಲ್ಲ. ತಪ್ಪು ಹುಡುಗನದಲ್ಲ, ಕೋವಿ ತುಂಬಿ ತೂಗುಹಾಕಿದ ನನ್ನದು.

ತೋಟೆಯ ಕೋವಿಯಲ್ಲಿ ಈ ಕಷ್ಟವಿಲ್ಲ. ಮುರಿದು ಬಿಚ್ಚಿದರೆ ತೋಟೆ ಕೈಗೆ ಬರುತ್ತದೆ, ನಳಿಗೆಯಲ್ಲಿ ಬೆಳಕು ಕಾಣುತ್ತದೆ. ಮಕ್ಕಳಿರುವ ಮನೆಗೆ ಇದಕ್ಕಿಂತ ದೊಡ್ಡ ಗುಣ ಬೇಕಿಲ್ಲ. ಬೆಳೆ ರಕ್ಷಣೆಗೆ ಕೇಪಿನ ಕೋವಿಗೇ ಲೈಸೆನ್ಸ್ ಕೊಡುವುದು ಎಂದು ಕಚೇರಿಯಲ್ಲಿ ಹೇಳಿ ಕಳಿಸಿದರೆ ಸುಮ್ಮನೆ ಬರಬೇಡಿ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೆಯ ಕಲಮಿನಲ್ಲೇ, ಬೆಳೆ ಕಾಯಲು ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಕೋವಿಗೂ ಲೈಸೆನ್ಸ್ ಕೊಡಬಹುದೆಂದಿದೆ. ಅರ್ಜಿಯಲ್ಲಿ ಅದನ್ನು ಕಾಣಿಸಿ.

ಒಂಟಿ ನಳಿಗೆಯೋ ಜೋಡಿಯೋ? ಜೋಡಿಯ ಅಂದವೇ ಬೇರೆ, ಎರಡನೆಯ ಈಡೂ ಕೈಯಲ್ಲಿರುತ್ತದೆ, ಒಪ್ಪಿದೆ. ಆದರೆ ಒಂದು ಹಾರಿಸಿ ಇನ್ನೊಂದನ್ನು ಮರೆತು ಒಳಗಿಡುವ ಅಭ್ಯಾಸವೂ ಜೋಡಿಯವರಿಗೇ ಇರುವುದು. ಮೂರು ನಾಲ್ಕು ಎಕರೆಯ ಬೆಳೆಗಾರನಿಗೆ ಒಂಟಿ ನಳಿಗೆಯ 12 ಬೋರ್ ಕೋವಿ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದರ ತೋಟೆ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ.

ಹೆಂಗಸರಿಗೆ, ಮುದುಕರಿಗೆ ಹಗುರ ಕೋವಿ ಒಳ್ಳೆಯದೆಂದು ಕೆಲವರು ಹುಡುಕಿ ತರುತ್ತಾರೆ. ಎತ್ತುವಾಗ ಹಗುರ ಹೌದು, ಆದರೆ ತೋಟೆ ಒಂದೇ ಆದರೆ ಕೋವಿ ಹಗುರವಾದಷ್ಟೂ ಹೆಗಲಿಗೆ ಒದೆತ ಜಾಸ್ತಿ. ಒಮ್ಮೆ ಒದೆಸಿಕೊಂಡವರು ಮತ್ತೆ ಅದನ್ನು ಮುಟ್ಟುವುದಿಲ್ಲ. ಮುಟ್ಟಿದರೂ ಕಣ್ಣು ಮುಚ್ಚಿ ಹಾರಿಸುತ್ತಾರೆ. ನೋಡಬೇಕಾದ್ದು ತೂಕಕ್ಕಿಂತ ಹೆಚ್ಚಾಗಿ ಹಿಂಬದಿಯ ಮರದ ಉದ್ದವನ್ನು. ಆರಡಿ ಆಳಿಗೆ ಮಾಡಿದ ಮರ ಐದಡಿ ಹೆಂಗಸಿನ ಹೆಗಲಿಗೆ ಕೂರದೆ ತೋಳಿನ ಮೇಲೆ ಕೂರುತ್ತದೆ. ಲೈಸೆನ್ಸ್ ಪಡೆದ ಕೋವಿ ರಿಪೇರಿಯವರಲ್ಲಿ ಮರವನ್ನು ಒಂದಂಗುಲ ಗಿಡ್ಡಮಾಡಿಸಿ ರಬ್ಬರಿನ ಮೆತ್ತೆ ಹಾಕಿಸಿದರೆ ಆ ಕೋವಿಯೇ ಬೇರೆಯಾಗುತ್ತದೆ. ಉದ್ದದ ಆಳಿಗೆ ಗಿಡ್ಡ ಮರದಿಂದ ಸ್ವಲ್ಪ ಅನಾನುಕೂಲ, ಅಷ್ಟೆ. ನಳಿಗೆಯನ್ನು ಮಾತ್ರ ಯಾರೂ ಕತ್ತರಿಸಕೂಡದು, ಅದು ಅಪರಾಧ.

ಹೆಂಡತಿಗೆಂದು 20 ಬೋರಿನದೊಂದನ್ನು ಬೇರೆ ತರುವ ಯೋಚನೆಯೂ ಕೆಲವರಿಗಿದೆ. 2019ರ ತಿದ್ದುಪಡಿಯ ಪ್ರಕಾರ ಒಬ್ಬರಿಗೆ ಎರಡು ಕೋವಿಗಳ ಮಿತಿ, ಅದಕ್ಕೆ ಅಡ್ಡಿಯಿಲ್ಲ. ಅಪಾಯ ಬೇರೆಯೇ ಇದೆ. 20 ಬೋರಿನ ತೋಟೆ 12 ಬೋರಿನ ಕೋವಿಯೊಳಗೆ ಜಾರಿ ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದವರಿಗೆ ಕೋವಿ ಖಾಲಿ ಎಂದು ಅನ್ನಿಸುವುದುಂಟು. ಅದರ ಹಿಂದೆ 12ರ ತೋಟೆ ಹಾಕಿ ಹಾರಿಸಿದರೆ ನಳಿಗೆ ಸಿಡಿದು ಎಡಗೈ ಹೋಗುತ್ತದೆ. ಒಂದು ಮನೆಗೆ ಒಂದೇ ಬೋರು ಇರಲಿ.

ರೈಫಲ್ ನಮಗೆ ಬೇಡ. .315ರ ಗುಂಡು ತೋಟ ದಾಟಿ, ಗದ್ದೆ ದಾಟಿ, ಆಚೆ ಊರಿನವರೆಗೂ ಹೋಗುತ್ತದೆ. ಕಾಫಿ ಗಿಡದ ಮರೆಯಲ್ಲಿ ಯಾರು ಕಳೆ ಕೀಳುತ್ತಿದ್ದಾರೆಂದು ಯಾರಿಗೆ ಗೊತ್ತು? ದಪ್ಪ ಚರೆಯ ಎಲ್.ಜಿ. ಕೂಡ 500 ಮೀಟರಿಗೂ ಮೀರಿ ಹಾರಬಲ್ಲದು. ಬೆದರಿಸಲಿಕ್ಕೆ ಸಣ್ಣ ಚರೆಯೇ ಸಾಕು. ಅದನ್ನೂ ದಿಣ್ಣೆಯ ಕಡೆಗೆ, ಆಚೆ ಯಾರೂ ಇಲ್ಲವೆಂದು ಖಾತ್ರಿಮಾಡಿಕೊಂಡೇ ಹಾರಿಸಬೇಕು.

ಇನ್ನು ಮನೆಯ ರಕ್ಷಣೆ. ಮಕ್ಕಳೆಲ್ಲ ಬೆಂಗಳೂರಿನಲ್ಲಿ, ಪಕ್ಕದ ಮನೆ ಕೂಗಿದರೂ ಕೇಳದಷ್ಟು ದೂರ, ಇದು ಈಗ ನಮ್ಮಲ್ಲಿ ಮನೆಮನೆಯ ಕತೆ. ಭಯ ಸುಳ್ಳಲ್ಲ. ಆದರೆ ಅಂಗಳದಲ್ಲಿ ಒಣಹಾಕಿದ ಅಡಕೆ ಕದ್ದು ಓಡುವವನ ಬೆನ್ನಿಗೆ ಹೊಡೆಯುವ ಹಕ್ಕು ನಮಗಿಲ್ಲ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 41ನೆಯ ಕಲಮು ದರೋಡೆ, ರಾತ್ರಿ ಹೊತ್ತು ಕನ್ನ ಹಾಕುವುದು, ಮನೆಗೆ ಬೆಂಕಿ ಇಡುವುದು, ಪ್ರಾಣಭಯ ಹುಟ್ಟಿಸುವಂಥ ಕಳ್ಳತನ ಇವುಗಳ ವಿಷಯದಲ್ಲಿ ರಕ್ಷಣೆಯ ಹಕ್ಕನ್ನು ಪ್ರಾಣ ತೆಗೆಯುವವರೆಗೂ ಒಪ್ಪುತ್ತದೆ. ಅಲ್ಲಿಯೂ ಅಗತ್ಯಕ್ಕೆ ಮೀರಿದ್ದು ತಪ್ಪೇ. ಕ್ವಿಂಟಲ್ ಅಡಕೆಗಾಗಿ ಕೋರ್ಟು ಅಲೆದರೆ ತೋಟವೇ ಉಳಿಯದು. ಗಟ್ಟಿ ಚಿಲಕ, ಅಂಗಳಕ್ಕೊಂದು ದೀಪ, ಬೊಗಳುವ ನಾಯಿ ಇಷ್ಟಿಲ್ಲದ ಮನೆಗೆ ಕೋವಿ ಒಂದೇ ಏನು ಮಾಡೀತು? ಕೋವಿ ಒಂದು ಕಡೆ ಬೀಗದಲ್ಲಿ, ತೋಟೆ ಇನ್ನೊಂದು ಕಡೆ ಬೀಗದಲ್ಲಿ, ಬೀಗದಕೈ ಎಲ್ಲಿದೆಯೆಂದು ಇಬ್ಬರಿಗೆ ಮಾತ್ರ ಗೊತ್ತಿರಬೇಕು.

ಆ ಇಬ್ಬರೂ ಲೈಸೆನ್ಸ್‌ದಾರರೇ ಆಗಿರುವುದು ಮೇಲು. ಯಜಮಾನರು ಪೇಟೆಗೆ ಹೋದಾಗ ಅವರ ಕೋವಿಯನ್ನು ಮನೆಯವರು ಬಳಸಲು ಕಾಯಿದೆಯಲ್ಲಿ ಸಲೀಸಾದ ಅವಕಾಶವಿಲ್ಲ. 21 ತುಂಬಿದ ಮಗನೋ ಮಗಳೋ ಹೆಂಡತಿಯೋ ಸ್ವಂತ ಅರ್ಜಿ ಹಾಕಬಹುದು. 2016ರ ನಿಯಮಗಳಂತೆ ತರಬೇತಿ ಪಡೆದಿರಬೇಕು. ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಕೊಡವರಿಗೂ 2029ರ ಅಕ್ಟೋಬರ್‌ವರೆಗೆ ಇರುವ ವಿನಾಯಿತಿ ಅವರಿಗೆ ಮಾತ್ರ. ಅದನ್ನು ನೋಡಿ ನಾವು ಮೈಮರೆಯುವಂತಿಲ್ಲ. ಅಪ್ಪ ತೀರಿಕೊಂಡ ಮೇಲೂ ಅವರ ಹೆಸರಿನ ಕೋವಿ ಅಟ್ಟದಲ್ಲಿರುವ ಮನೆಗಳು ನನಗೇ ಗೊತ್ತು. ತಡಮಾಡದೆ ಠಾಣೆಯಲ್ಲಿ ಒಪ್ಪಿಸಿ ವಾರಸುದಾರರ ಹೆಸರಿಗೆ ಅರ್ಜಿ ಕೊಡಬೇಕು. ಎಪ್ಪತ್ತು ತುಂಬಿದವರು, ಅಥವಾ ಕೋವಿ ಇಟ್ಟುಕೊಂಡು 25 ವರ್ಷ ಕಳೆದವರು, ಬದುಕಿರುವಾಗಲೇ ವಾರಸುದಾರರಿಗೆ ವರ್ಗಾಯಿಸಲು ನಿಯಮಗಳಲ್ಲಿ ದಾರಿ ಇದೆ. ಇದು ಸಂಕೋಚದ ವಿಷಯವಲ್ಲ.

ಪೊಲೀಸ್ ಇಲಾಖೆಯವರು ನಾಗರಿಕ ಬಂದೂಕು ತರಬೇತಿ ನಡೆಸುವುದುಂಟು. ಸಂಘದ ಕಡೆಯಿಂದ ಸದಸ್ಯರನ್ನೂ ಅವರ ಮನೆಯವರನ್ನೂ ಒಟ್ಟಾಗಿ ಕಳಿಸುವ ವಿಷಯವನ್ನು ಮುಂದಿನ ಮಹಾಸಭೆಯಲ್ಲಿ ಎತ್ತುವವನಿದ್ದೇನೆ. ಹೆಸರು ಕೊಡುವವರು ಹೆಂಡತಿಯ ಹೆಸರನ್ನೂ ಬರೆಸಿರಿ.