ಅಡಿಗೆಯ ಕೂಲಿ ಯಾರ ಲೆಕ್ಕಕ್ಕೆ?

ಕೊನೆಕೊಯ್ಲಿನ ಹಂಗಾಮು ಬಂತೆಂದರೆ ನಮ್ಮ ಬೆಳೆಗಾರ ಬಂಧುಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಹಿಂದಿನ ಹಂಚಿ ತಿನ್ನುವ ಪದ್ಧತಿ ಈಗಿಲ್ಲ, ಮುಯ್ಯಾಳು ಹೋಯಿತು, ಸುಲಿಯುವ ಚಪ್ಪರದಲ್ಲಿ ಮಾತುಕತೆ ನಗು ಏನೂ ಉಳಿದಿಲ್ಲ, ಮನೆ ಊಟದ ಜಾಗದಲ್ಲಿ ಬೇಕರಿಯ ಬನ್ನು ಬಂದು ಕೂತಿದೆ, ಎಂದು. ಹೀಗೆ ಹೇಳುವವರು ಬಹುಮಟ್ಟಿಗೆ ಗಂಡಸರೇ ಎಂಬುದನ್ನು ಓದುಗರು ಗಮನಿಸಿರಬಹುದು. ಅದೇ ಮನೆಯ ಹೆಂಗಸರನ್ನು ಕೇಳಿದರೆ ಉತ್ತರ ಅಷ್ಟು ಬೇಗ ಬರುವುದಿಲ್ಲ. ಬಂದರೂ ಅದು ನಮಗೆ ಬೇಕಾದ ಉತ್ತರವಾಗಿರುವುದಿಲ್ಲ.

ಸೊರಬ, ಶಿಕಾರಿಪುರದ ಒಂದೆರಡು ಎಕರೆ ತೋಟದ ಮನೆಯನ್ನೇ ತೆಗೆದುಕೊಳ್ಳೋಣ. ಬೆಳಗಾಗುವುದರೊಳಗೆ ಕೊನೆಗಾರ ಬರುತ್ತಾನೆ. ಕೊನೆ ಹಿಡಿಯುವವರು, ಹೊರುವವರು, ಹೊತ್ತೇರುವ ವೇಳೆಗೆ ಮೆಟ್ಟುಗತ್ತಿ ಹಿಡಿದು ಕೂರುವ ಸುಲಿಯುವವರು. ಕೊಯ್ದ ಕಾಯಿಯನ್ನು ಬಹಳ ದಿನ ಇಡುವಂತಿಲ್ಲ, ಸುಲಿದದ್ದನ್ನು ಬೇಯಿಸದೆ ಬಿಡುವಂತಿಲ್ಲ. ಹೀಗಾಗಿ ಕೆಲಸ ರಾತ್ರಿಗೂ ದಾಟುತ್ತದೆ. ಇವರೆಲ್ಲರಿಗೂ ಬೆಳಿಗ್ಗೆ ರೊಟ್ಟಿಯೋ ದೋಸೆಯೋ ಆಗಬೇಕು, ಮಧ್ಯಾಹ್ನ ಅನ್ನ ಸಾರು ಪಲ್ಯ ಆಗಬೇಕು, ಎರಡು ಸಲ ಚಹಾ ಆಗಬೇಕು, ರಾತ್ರಿ ಕೂತವರಿಗೆ ಮತ್ತೆ ಊಟ. ೧೨ ಆಳು, ೧೫ ದಿನ, ದಿನಕ್ಕೆ ಎರಡು ಊಟ ಎಂದು ಹಿಡಿದರೆ ೩೬೦ ಎಲೆಯಾಯಿತು. ತಿಂಡಿ, ಚಹಾ, ಪಾತ್ರೆ ತೊಳೆಯುವುದು, ನೀರು ತುಂಬುವುದು ಈ ಲೆಕ್ಕದಲ್ಲಿಲ್ಲ. ಅಡಿಕೆಯ ನಡುವೆ ಕಾಫಿ ಹಾಕಿದವರ ಮನೆಯಲ್ಲಿ ಹಂಗಾಮು ಇಷ್ಟಕ್ಕೆ ಮುಗಿಯುವುದೂ ಇಲ್ಲ. ಅರೇಬಿಕಾ ಮುಗಿಯಿತೆನ್ನುವಾಗ ರೋಬಸ್ಟಾ, ಅಂತೂ ಫೆಬ್ರವರಿಯವರೆಗೆ ಒಲೆ ಆರುವುದಿಲ್ಲ.

ಅಂಗಳದ ಒಲೆಯ ಮೇಲೆ ಹಂಡೆಯಲ್ಲಿ ಅಡಿಕೆ ಬೇಯುತ್ತದೆ, ಒಳಗಿನ ಒಲೆಯ ಮೇಲೆ ಅನ್ನ ಬೇಯುತ್ತದೆ. ಹೊರಗಿನ ಒಲೆಗೆ ಹಾಕಿದ ಸೌದೆ, ಅದನ್ನು ನೋಡಿಕೊಂಡವನ ಕೂಲಿ ಎರಡನ್ನೂ ನಾವು ಖರ್ಚಿನ ಪುಸ್ತಕದಲ್ಲಿ ಬರೆಯುತ್ತೇವೆ. ಒಳಗಿನ ಒಲೆಯ ಮುಂದೆ ಕೂತವಳ ಹೆಸರು ಆ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಅಕ್ಕಿ ಬೇಳೆಯ ಬೆಲೆಯನ್ನು ಬರೆಯುವವರು ಕೆಲವರಿದ್ದಾರೆ. ಅದನ್ನು ಬೇಯಿಸಿದ ಕೈಗೆ ಬೆಲೆ ಬರೆದವರನ್ನು ನಾನು ಕಂಡಿಲ್ಲ.

ಇದು ಮನೆಯೊಳಗಿನ ಮಾತು, ಸಂಘದ ಪತ್ರಿಕೆಯಲ್ಲಿ ಏಕೆ ಎಂದು ಕೇಳಬಹುದು. ಕಾರಣವಿದೆ. ಸಣ್ಣ ಬೆಳೆಗಾರರು ಫಸಲನ್ನು ಮರದ ಮೇಲೆಯೇ ಚೇಣಿಗೆ ಕೊಡುವುದು ಹೆಚ್ಚುತ್ತಿದೆ ಎಂದು ಸಭೆಗಳಲ್ಲಿ ನಾವು ಚಿಂತಿಸುತ್ತೇವೆ. ಆಳಿನ ಅಭಾವ, ಮಳೆಯ ಭಯ, ತುರ್ತು ಹಣದ ಅಗತ್ಯ ಎಂದು ಕಾರಣ ಪಟ್ಟಿ ಮಾಡುತ್ತೇವೆ. ಅವೆಲ್ಲ ನಿಜ. ಆದರೆ ಪಟ್ಟಿಗೆ ಬಾರದ ಇನ್ನೊಂದು ಕಾರಣವನ್ನು ಸದಸ್ಯರು ಹೊರಗೆ ಚಹಾ ಕುಡಿಯುವಾಗ ಹೇಳುತ್ತಾರೆ: "ಮನೆಯಲ್ಲಿ ಅವಳಿಗೆ ಆಗುವುದಿಲ್ಲ ಮಾರಾಯರೇ." ಅತ್ತೆಗೆ ವಯಸ್ಸಾಯಿತು, ಸೊಸೆ ಬೆಂಗಳೂರಿನಲ್ಲಿ, ಇರುವ ಒಬ್ಬಳಿಗೆ ಸೊಂಟ ನೋವು. ಹನ್ನೆರಡು ಜನರ ಅಡಿಗೆ ಆಗದೆಂದು ತೋಟವನ್ನು ಚೇಣಿಗೆ ಕೊಡುತ್ತಾರೆ. ಮನೆಯಲ್ಲೇ ಸುಲಿದು ಬೇಯಿಸಿ ಒಣಗಿಸಿ ಮಂಡಿಗೆ ತರಬಹುದಾಗಿದ್ದ ಕೆಂಪಡಿಕೆ ಹಸಿಕಾಯಿಯಾಗಿಯೇ ಹೊರಟುಹೋಗುತ್ತದೆ. ಬೆಲೆಯ ಏರಿಳಿತದ ಲಾಭವೂ ಅದರೊಂದಿಗೇ ಹೋಯಿತು. ಹೀಗಿರುವಾಗ ಅಡಿಗೆಮನೆ ಸಂಘದ ವ್ಯವಹಾರಕ್ಕೆ ಹೊರತಾದದ್ದು ಹೇಗೆ?

ಕೇಂದ್ರ ಸರ್ಕಾರ ೨೦೧೯ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಮನೆವಾರ್ತೆಯ ಕೂಲಿಯಿಲ್ಲದ ಕೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ ೨೯೯ ನಿಮಿಷವನ್ನೂ, ಅಂಥ ಕೆಲಸಕ್ಕೆ ಕೈಹಾಕುವ ಗಂಡಸರು ೯೭ ನಿಮಿಷವನ್ನೂ ಅದಕ್ಕೆ ಕೊಡುತ್ತಾರೆಂದು ಕಂಡುಬಂತು. ಇದು ಇಡೀ ದೇಶದ, ಎಲ್ಲ ದಿನಗಳ ಸರಾಸರಿ. ಸುಗ್ಗಿಯ ದಿನದಲ್ಲಿ ನಮ್ಮ ಮನೆಗಳ ನಿಮಿಷಗಳನ್ನು ಯಾರೂ ಎಣಿಸಿಲ್ಲ. ಅಳತೆ ಸರಿಯಿರಬೇಕೆಂದು ೧೯೫೧ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕಿಳಿದರು. ಕೊಳಗದ ವಿಷಯದಲ್ಲಿ ಅಷ್ಟು ಸೂಕ್ಷ್ಮವಾಗಿರುವ ಸೀಮೆ ನಮ್ಮದು. ಒಲೆಯ ಮುಂದಿನ ದುಡಿಮೆಗೆ ಮಾತ್ರ ಇನ್ನೂ ಕೊಳಗ ಸಿಕ್ಕಿಲ್ಲ.

ಹಾಗಾದರೆ ಊಟ ಹಾಕುವುದನ್ನೇ ನಿಲ್ಲಿಸಿ, ಆಳಿಗೆ ಊಟದ ದುಡ್ಡು ಕೊಟ್ಟು ಕೈತೊಳೆದುಕೊಳ್ಳೋಣವೆ? ಅನೇಕರು ಹಾಗೆ ಮಾಡಿದ್ದಾರೆ, ಅವರನ್ನು ತಪ್ಪೆನ್ನಲಾರೆ. ಆದರೆ ನನ್ನ ಮತ ಬೇರೆ. ಭೂಮಿ ಹುಣ್ಣಿಮೆಯನ್ನು ನೋಡಿ. ಆಶ್ವಯುಜದ ಹುಣ್ಣಿಮೆಯ ಹೊತ್ತಿಗೆ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಭೂಮಿ ಬಸುರಿ, ಅವಳಿಗೆ ಬಯಕೆಯ ಊಟ ಎಂಬ ಭಾವನೆ. ದೀವರ ಮನೆಗಳಲ್ಲಿ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಚಿತ್ತಾರ ಬರೆಯುತ್ತಾರೆ. ಹಿಂದಿನ ರಾತ್ರಿಯಿಡೀ ಅಡಿಗೆ: ಕಡುಬು, ಹೋಳಿಗೆ, ಬೆರಕೆ ಸೊಪ್ಪು, ಹೀರೆ, ಹಾಗಲ, ಅಮಟೆ. ಬೆಳಗಿನ ಜಾವ ಗದ್ದೆಗೆ ಹೋಗಿ ಮೊದಲು ಭೂಮಿಗೆ ಚರಗ, ಕಾಗೆಗೆ ಒಂದು ಎಡೆ, ಆಮೇಲೆ ಮನೆಯವರು, ನೆಂಟರು, ದಾರಿಯಲ್ಲಿ ಸಿಕ್ಕವರು ಅಲ್ಲೇ ಬದುವಿನ ಮೇಲೆ ಕೂತು ಉಣ್ಣುವುದು. ಶಿಕಾರಿಪುರದ ಬಯಲು ಕಡೆಯ ಊರುಗಳಲ್ಲಿ ಇದೇ ಸೀಗಿ ಹುಣ್ಣಿಮೆ. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಕರ್ಜಿಕಾಯಿ ಇರುತ್ತವೆ. ಗದ್ದೆ ತೆಗೆದು ಅಡಿಕೆ ಹಾಕಿದವರು ಈಗ ತೋಟದಲ್ಲೇ ಪೂಜೆ ಮಾಡುತ್ತಾರೆ. (ಕಳೆನಾಶಕ ಹೊಡೆದ ತೋಟದಲ್ಲಿ ಬೆರಕೆ ಸೊಪ್ಪಿಗೆಂದು ಹುಡುಕಿದರೆ ಒಂದೆಲಗವೂ ಸಿಗದು, ಆ ವಿಷಯ ಇನ್ನೊಮ್ಮೆ.) ಇಂಥ ಊಟ ದುಡ್ಡಿಗೆ ಬದಲಾಗುವಂಥದಲ್ಲ. ಕೂಡಿ ಉಂಡವರ ನಡುವೆ ಮರುದಿನ ಕೆಲಸದ ಮಾತು ಸಲೀಸು. ಕೊನೆಗಾರನೊಬ್ಬ ಯಾರ ತೋಟಕ್ಕೆ ಮೊದಲು ಹೋಗುತ್ತಾನೆಂಬುದು ಕೂಲಿಯ ದರದಿಂದ ಮಾತ್ರ ನಿರ್ಧಾರವಾಗುವುದಿಲ್ಲವೆಂದು ನಮ್ಮಲ್ಲಿ ಎಲ್ಲರೂ ಬಲ್ಲರು.

ಆದರೆ ಇಲ್ಲಿ ಇನ್ನೊಂದು ಮಾತನ್ನು ಮುಚ್ಚಿಡುವಂತಿಲ್ಲ. ಹಿಂದೆ ಎಲ್ಲರೂ ಹಂಚಿ ಉಂಡೆವು ಎನ್ನುವ ಮನೆಗಳಲ್ಲಿ ಎಷ್ಟೋ ಕಡೆ ಆಳುಗಳಿಗೆ ಬಡಿಸುತ್ತಿದ್ದುದು ಅಂಗಳದ ಆಚೆ. ಅವರ ಲೋಟ ಬೇರೆ, ಅದನ್ನು ತೊಳೆದಿಡುವವರೂ ಅವರೇ. ಇಂದಿಗೂ ಕೆಲವೆಡೆ ಹಾಗೆಯೇ ನಡೆದಿದೆ. "ಊಟ ಬೇಡ, ದುಡ್ಡೇ ಕೊಡಿ" ಎಂದು ಆಳು ಕೇಳಿದರೆ ಅದು ದುಡ್ಡಿನ ಆಸೆಯೆಂದು ತಿಳಿಯುವ ಮೊದಲು, ನಾವು ಎಲೆ ಹಾಕುವ ಜಾಗ ಯಾವುದೆಂದು ನೋಡಿಕೊಳ್ಳಬೇಕು. ಅಕ್ಕಮಹಾದೇವಿಯ ಉಡುತಡಿ, ಅಲ್ಲಮಪ್ರಭುವಿನ ಬಳ್ಳಿಗಾವಿ ಎರಡೂ ಶಿಕಾರಿಪುರ ತಾಲ್ಲೂಕಿನವು. ದಾಸೋಹವೆಂದರೇನೆಂದು ಈ ಸೀಮೆಯವರಿಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. ಊಟ ಹಾಕುವುದಾದರೆ ಒಂದೇ ಜಗುಲಿ, ಒಂದೇ ಸಾಲು. ಆಗದಿದ್ದರೆ ದುಡ್ಡು ಕೊಡುವುದೇ ಮರ್ಯಾದೆ.

ಇನ್ನು ದಾರಿಯೇನು? ಯಂತ್ರದಲ್ಲಿ ಸುಲಿಸಿದರೆ ಎಲೆಗಳ ಸಂಖ್ಯೆ ಅರ್ಧಕ್ಕಿಳಿಯಬಹುದು, ಅದು ಒಳ್ಳೆಯದೇ. ಉಳಿದ ಅರ್ಧಕ್ಕೆ ಹಳೆಯ ಮುಯ್ಯಾಳನ್ನೇ ಒಲೆಯ ಬಳಿಗೆ ತರಬಹುದೆಂದು ನನಗೆ ತೋರುತ್ತದೆ. ನಾಲ್ಕೈದು ಅಕ್ಕಪಕ್ಕದ ಮನೆಯವರು ಕೊಯ್ಲಿನ ದಿನಗಳನ್ನು ಹೊಂದಿಸಿಕೊಂಡು, ಕೊಯ್ಲಿದ್ದ ಮನೆಗೆ ಉಳಿದವರು ಅಡಿಗೆಗೆ ಹೋಗುವುದು. ಉಳಿದವರು ಎಂದರೆ ಹೆಂಗಸರು ಮಾತ್ರ ಎಂದು ಯಾರೂ ಓದಿಕೊಳ್ಳಬಾರದು. ಮದುವೆ ಮನೆಯಲ್ಲಿ ನೂರಾರು ಜನಕ್ಕೆ ಅಡಿಗೆ ಮಾಡುವ ಗಂಡಸರಿಗೆ ಹನ್ನೆರಡು ಜನರ ಸಾರು ಅಸಾಧ್ಯವಲ್ಲ. ೧೯೦೫ರಲ್ಲಿ ಕಣಗಿನಹಾಳದಲ್ಲಿ ಸಹಕಾರ ಸಂಘ ಹುಟ್ಟುವುದಕ್ಕೂ ಎಷ್ಟೋ ಮೊದಲೇ ನಮ್ಮ ಗದ್ದೆಗಳಲ್ಲಿ ಮುಯ್ಯಾಳು ಇತ್ತು. ಅದಕ್ಕೆ ಬೈಲಾ ಬೇಕಾಗಿರಲಿಲ್ಲ, ನೆನಪು ಸಾಕಾಗಿತ್ತು.

ಹಾಗೆ ಹೊಂದಿಕೆಯಾಗದ ಕಡೆ ಅಡಿಗೆಗೆಂದೇ ಒಬ್ಬರನ್ನು ಕೂಲಿಗೆ ಕರೆಯುವುದು, ಅದೂ ಆಗದಿದ್ದರೆ ಮನೆಯಾಕೆಯ ಹೆಸರಿಗೇ ದಿನದ ಕೂಲಿ ಬರೆದು ಅವರ ಖಾತೆಗೆ ಹಾಕುವುದು. ನಮ್ಮದೇ ದುಡ್ಡು ನಮ್ಮ ಮನೆಯಲ್ಲೇ ಕೈ ಬದಲಾಯಿಸಿದರೆ ಏನು ಬಂತು ಎಂದು ಕೆಲವರು ನಗುತ್ತಾರೆ. ಚೇಣಿಯ ದರವನ್ನೂ ಮಾಡಿ ಮಾರಿದ ದರವನ್ನೂ ತೂಗಿ ನೋಡುವಾಗ ಈ ಒಂದು ಸಾಲು ಇಲ್ಲದಿದ್ದರೆ ಲೆಕ್ಕವೇ ಸುಳ್ಳಾಗುತ್ತದೆ. ಸುಳ್ಳು ಲೆಕ್ಕದ ಮೇಲೆ ತೋಟ ನಡೆಸುವುದು ಯಾರಿಗೂ ಹಿತವಲ್ಲ. ಆ ಸಾಲು ಬರೆದ ಮೇಲೂ ಮಾಡಿ ಮಾರುವುದೇ ಲಾಭವೆಂದು ಕಂಡರೆ ಸಂತೋಷ. ಇಲ್ಲವೆಂದು ಕಂಡರೆ, ಇಷ್ಟು ವರ್ಷ ಆ ಲಾಭ ಯಾರ ಸೊಂಟದಿಂದ ಬರುತ್ತಿತ್ತೆಂಬುದಾದರೂ ತಿಳಿದೀತು.

ಮುಂದಿನ ಮಹಾಸಭೆಯಲ್ಲಿ ಹಂಗಾಮು ಸಾಲದ ಖರ್ಚಿನ ಅಂದಾಜು ಚರ್ಚೆಗೆ ಬಂದಾಗ ಗೊಬ್ಬರ, ಔಷಧಿ, ಕೊಯ್ಲು, ಸುಲಿತ ಇವುಗಳ ಕೆಳಗೆ "ಅಡಿಗೆಯ ಕೂಲಿ" ಎಂಬ ಕಲಮನ್ನು ಸೇರಿಸಬೇಕೆಂದು ಸೂಚಿಸುವವನಿದ್ದೇನೆ. ಎದುರಿಗೆ ಎಷ್ಟು ಮೊತ್ತ ಬರೆಯಬೇಕೆಂಬುದನ್ನು ಸದಸ್ಯರು ಸಭೆಗೆ ಹೊರಡುವ ಮೊದಲು ಮನೆಯಲ್ಲೇ ಕೇಳಿಕೊಂಡು ಬರುವುದು ಒಳ್ಳೆಯದು.