ಕರೆದೊಯ್ದವರ ಹೊಣೆ

ಆಟದಲ್ಲಿ ಚುರುಕಾದ ಮಕ್ಕಳನ್ನು ಎಳವೆಯಲ್ಲೇ ಗುರುತಿಸಿ, ಕರೆದೊಯ್ದು, ತರಬೇತಿ ಕೊಡಬೇಕು ಎಂದರೆ ಬೇಡವೆನ್ನುವವರಿಲ್ಲ. ಆ ಮಗು ಪದಕ ತರದಿದ್ದರೆ, ಅಥವಾ ಯೋಜನೆಯೇ ನಡುವೆ ನಿಂತರೆ, ಅದರ ಮುಂದಿನ ಬದುಕಿಗೆ ಯಾರು ಹೊಣೆ? ಈ ಪ್ರಶ್ನೆಯನ್ನು ಕೇಳುವವರೇ ಕಡಿಮೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಆಫ್ರಿಕಾ ಮೂಲದ ಇವರ ಪೂರ್ವಿಕರಲ್ಲಿ ಹಲವರನ್ನು ಪೋರ್ಚುಗೀಸರು ಗುಲಾಮರಾಗಿ ಗೋವೆಗೆ ತಂದಿದ್ದರು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ, ಹಾಸ್ಟೆಲಿನಲ್ಲಿಟ್ಟು ಅಥ್ಲೆಟಿಕ್ಸ್ ಕಲಿಸಿತು. ಕಮಲಾ ಸಿದ್ದಿಯಂಥವರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದರು. ಆದರೆ 1990ರ ದಶಕದ ಆರಂಭದಲ್ಲೇ ಸಿದ್ದಿಗಳ ಪಾಲಿಗೆ ಆ ಯೋಜನೆ ಮುಗಿಯಿತು. ಕೆಲವರಿಗೆ ನೌಕರಿ ಸಿಕ್ಕಿತು. ಉಳಿದ ಹಲವರು ಊರಿಗೆ ಮರಳಿ ಕೂಲಿನಾಲಿ ಹಿಡಿದರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ, ಈ ಮಕ್ಕಳ ಓಟದ ವಯಸ್ಸು ದಾಟಿದ ಮೇಲೆ.

ಆಫ್ರಿಕಾ ಮೂಲದವರ ರಕ್ತದಲ್ಲೇ ಓಟವಿದೆ ಎಂಬ ನಂಬಿಕೆ ಅಂದಿನ ಆಯ್ಕೆಯ ಹಿಂದಿತ್ತು. ಮೇಲ್ನೋಟಕ್ಕೆ ಇದು ಹೊಗಳಿಕೆ. ಆದರೆ ಪ್ರತಿಭೆ ರಕ್ತದಿಂದಲೇ ಬರುವುದಾದರೆ ಗೆದ್ದಾಗ ಮಗುವಿನ ದುಡಿಮೆಗೆ ಬೆಲೆಯಿಲ್ಲ. ಸೋತಾಗ ತರಬೇತಿ, ಊಟ, ಓದು ಯಾವುದರ ಕೊರತೆಯನ್ನೂ ಯಾರೂ ವಿಚಾರಿಸುವುದಿಲ್ಲ. ಕರೆದೊಯ್ದವರು ನುಣುಚಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಬೇರೆ ಬೇಕಿಲ್ಲ.

ಆಫ್ರಿಕಾದ ಫುಟ್‌ಬಾಲ್ ಆಟಗಾರರ ಕಥೆಯೂ ಕರೆದೊಯ್ದವರ ಹೊಣೆಯ ಪ್ರಶ್ನೆಯನ್ನೇ ಎತ್ತುತ್ತದೆ. ಸೆನೆಗಲ್‌ನ ಬಂಬಾಲಿ ಎಂಬ ಹಳ್ಳಿಯಲ್ಲಿ 1992ರಲ್ಲಿ ಹುಟ್ಟಿದ ಸಾಡಿಯೊ ಮಾನೆ, ಡಾಕರ್‌ನ ಜೆನರೇಷನ್ ಫೂಟ್ ಅಕಾಡೆಮಿಯಲ್ಲಿ ಪಳಗಿ, ಫ್ರಾನ್ಸಿನ ಮೆಟ್ಜ್ ಕ್ಲಬ್ ಸೇರಿದ. ಆ ಅಕಾಡೆಮಿಗೂ ಮೆಟ್ಜ್‌ಗೂ ಮೊದಲೇ ಒಪ್ಪಂದವಿತ್ತು. 2012ರಲ್ಲಿ ಸಾಲ್ಜ್‌ಬರ್ಗ್, 2014ರಲ್ಲಿ ಸೌತಾಂಪ್ಟನ್, 2016ರಲ್ಲಿ ಲಿವರ್‌ಪೂಲ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿದ. ಅವನ ಶ್ರಮಕ್ಕೆ ಪ್ರತಿ ಹಂತದಲ್ಲೂ ನಿಲ್ಲಲು ಒಂದು ನೆಲೆಯಿತ್ತು. ಅಂಥ ನೆಲೆ ಸಿಗದೆ, ದಲ್ಲಾಳಿಗಳ ಮಾತು ನಂಬಿ ಯುರೋಪಿನ ಬೀದಿಪಾಲಾದ ಹುಡುಗರೂ ಬಹಳ. ಅದಕ್ಕೇ ಫಿಫಾ 2001ರಲ್ಲಿ ಹದಿನೆಂಟು ತುಂಬದವರ ಅಂತರರಾಷ್ಟ್ರೀಯ ವರ್ಗಾವಣೆಯನ್ನು, ಕೆಲವು ವಿನಾಯಿತಿ ಬಿಟ್ಟು, ನಿಷೇಧಿಸಿತು. ಆಟಗಾರ ಮಾರಾಟವಾದಾಗ ಆ ಮೊತ್ತದ ಶೇ 5ರಷ್ಟು ಅವನನ್ನು ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗಬೇಕೆಂಬ ನಿಯಮವೂ ಇದೆ. ಈ ನಿಯಮಗಳನ್ನು ಮುರಿಯುವವರು ಇಂದಿಗೂ ಇದ್ದಾರೆ. ಆದರೂ ಹೊಣೆಯನ್ನು ಒಬ್ಬರ ಒಳ್ಳೆಯತನಕ್ಕೆ ಬಿಡದೆ ಬರವಣಿಗೆಗೆ ಇಳಿಸಿದ್ದು ದೊಡ್ಡ ಮಾತು.

ಎಲ್ಲರೂ ಚಾಂಪಿಯನ್ ಆಗಲು ಸಾಧ್ಯವೇ, ಸರ್ಕಾರದ ಹಣಕ್ಕೂ ಮಿತಿಯಿಲ್ಲವೇ ಎಂದು ಕೇಳಬಹುದು. ಮಿತಿ ಇದೆ, ಒಪ್ಪೋಣ. ಹಾಗಾದರೆ ಕೊನೆತನಕ ನೋಡಿಕೊಳ್ಳಬಹುದಾದಷ್ಟು ಮಕ್ಕಳನ್ನೇ ಆರಿಸಬೇಕು. ಎಲ್ಲರೂ ಗೆಲ್ಲುವುದಿಲ್ಲ ಎಂದು ಮೊದಲೇ ಗೊತ್ತಿರುವಾಗ, ಗೆಲ್ಲದವರ ಓದಿಗೂ ಉದ್ಯೋಗಕ್ಕೂ ಏರ್ಪಾಡು ಮಾಡದಿರುವುದು ಅನ್ಯಾಯ.

ಮೇಲುಕೋಟೆ, ಪಾಂಡವಪುರ, ನಾಗಮಂಗಲದ ಸರ್ಕಾರಿ ಶಾಲೆಗಳ ಮಕ್ಕಳೂ ಹೋಬಳಿ, ತಾಲ್ಲೂಕು, ಜಿಲ್ಲಾ ಕ್ರೀಡಾಕೂಟ ದಾಟಿ ಕ್ರೀಡಾ ಹಾಸ್ಟೆಲಿನ ಕನಸು ಕಾಣುತ್ತಾರೆ. ರೈತ ತಂದೆತಾಯಿ ನಂಬಿ ಕಳುಹಿಸುತ್ತಾರೆ. ಅವರ ಕೈಗೆ ಒಂದು ಲಿಖಿತ ಭರವಸೆ ಸಿಗಬೇಕು: ಗಾಯವಾದರೆ ಚಿಕಿತ್ಸೆ, ಆಟ ಕೈಕೊಟ್ಟರೂ ಓದು, ಯೋಜನೆ ರದ್ದಾದರೂ ಈಗಾಗಲೇ ಸೇರಿದ ಕೊನೆಯ ಮಗುವಿನ ತರಬೇತಿ ಮುಗಿಯುವವರೆಗೆ ಅನುದಾನ. ಇಷ್ಟನ್ನು ಕೊಡಲಾಗದ ಯೋಜನೆಗೆ ಯಾರ ಮನೆಯ ಮಗುವನ್ನೂ ಕರೆದೊಯ್ಯುವ ಹಕ್ಕಿಲ್ಲ.