ಸತ್ತವರ ಆಸ್ತಿಯ ಅಧಿಕಾರ ಪತ್ರವನ್ನು ‘ರಿನ್ಯೂ’ ಮಾಡಿಸಬೇಕೇ?

“ತೀರಿಕೊಂಡವರ ಆಸ್ತಿ ಪತ್ರಕ್ಕೂ ವಾಯಿದೆ ಇದೆ, ರಿನ್ಯೂ ಮಾಡಿಸದಿದ್ದರೆ ಆಸ್ತಿ ಕೈತಪ್ಪುತ್ತದೆ” ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ನಿಜವೇ? ನಿಮ್ಮ ಕೈಯಲ್ಲಿರುವುದು ಯಾವ ಕಾಗದ ಎಂಬುದರ ಮೇಲೆ ಉತ್ತರ ನಿಂತಿದೆ.

ಉದಾಹರಣೆಗೆ, ನಾಯಕನಹಟ್ಟಿಯ ರೈತರೊಬ್ಬರು ತೀರಿಕೊಂಡಿದ್ದಾರೆ ಎಂದುಕೊಳ್ಳಿ. ಊರಲ್ಲಿ ಶೇಂಗಾ ಹೊಲ, ಬ್ಯಾಂಕಿನಲ್ಲಿ ಠೇವಣಿ ಇದೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ.

1. ಅಪ್ಪ ಬರೆದುಕೊಟ್ಟಿದ್ದ ಜಿಪಿಎ

ಬರೆದುಕೊಟ್ಟವರು ತೀರಿಕೊಂಡರೆ ಸಾಮಾನ್ಯ ಜಿಪಿಎ ಅಲ್ಲಿಗೇ ಮುಗಿಯಿತು. 1872ರ ಭಾರತೀಯ ಕರಾರು ಕಾಯ್ದೆಯ 201ನೇ ಸೆಕ್ಷನ್ ಹೇಳುವುದು ಇದನ್ನೇ. ಅದನ್ನು ಯಾರೂ ನವೀಕರಿಸಲಾರರು. ಸಾವನ್ನು ಮುಚ್ಚಿಟ್ಟು ಅದೇ ಜಿಪಿಎ ಮೇಲೆ ಹೊಲ ಮಾರಿದರೆ ಕ್ರಿಮಿನಲ್ ಕೇಸು ಬೀಳಬಹುದು.

2. ಉತ್ತರಾಧಿಕಾರ ಪ್ರಮಾಣಪತ್ರ

ಇದು ಠೇವಣಿ, ಷೇರು, ಬರಬೇಕಾದ ಸಾಲಕ್ಕೆ ಕೋರ್ಟ್ ಕೊಡುವ ಪತ್ರ. ವರ್ಷಕ್ಕೊಮ್ಮೆ ನವೀಕರಿಸಬೇಕಿಲ್ಲ. ಆದರೆ ಪಟ್ಟಿಯಲ್ಲಿರುವ ಬಾಬ್ತುಗಳಿಗಷ್ಟೇ ಅನ್ವಯ. ಆಮೇಲೆ ಇನ್ನೊಂದು ಠೇವಣಿ ಸಿಕ್ಕರೆ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 376ನೇ ಸೆಕ್ಷನ್ ಪ್ರಕಾರ ಅದೇ ಪತ್ರವನ್ನು ವಿಸ್ತರಿಸಲು ಕೋರಬಹುದು.

3. ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್

ಸತ್ತವರ ಆಸ್ತಿಯನ್ನು ನಿರ್ವಹಿಸಿ ಹಂಚಲು ಕೋರ್ಟ್ ಒಬ್ಬರಿಗೆ ಕೊಡುವ ಅಧಿಕಾರವಿದು. ಸಾಮಾನ್ಯವಾಗಿ ಇದಕ್ಕೆ ಕೊನೆಯ ದಿನಾಂಕ ಇರುವುದಿಲ್ಲ. ಕೆಲವನ್ನು ಮಾತ್ರ ಮಿತಿ ಹಾಕಿ ಕೊಡುತ್ತಾರೆ: ಕಳೆದುಹೋದ ಉಯಿಲು ಸಿಗುವವರೆಗೆ, ಅಥವಾ ಉಯಿಲನ್ನು ಜಾರಿಗೊಳಿಸಬೇಕಾದ ಮಗ ಪ್ರಾಪ್ತ ವಯಸ್ಕನಾಗುವವರೆಗೆ. ಆ ಮಿತಿ ಮುಗಿದೂ ಆಸ್ತಿ ಉಳಿದಿದ್ದರೆ, 260ನೇ ಸೆಕ್ಷನ್‌ನಡಿ ಕೋರ್ಟ್ ಹೊಸ ಪತ್ರ ಕೊಡುತ್ತದೆ. ಹಳೆಯದಕ್ಕೆ ಸೀಲು ಒತ್ತಿಸಿದರೆ ಸಾಲದು.

ನಿಜವಾದ ಗಡುವು ಬೇರೆಯೇ ಇದೆ. ಪತ್ರ ಪಡೆದವರು 6 ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ 1 ವರ್ಷದೊಳಗೆ ಲೆಕ್ಕವನ್ನೂ ಕೋರ್ಟಿಗೆ ಸಲ್ಲಿಸಬೇಕು (ಸೆಕ್ಷನ್ 317). ಬೇಕೆಂದೇ ತಪ್ಪಿಸಿದರೆ ಪತ್ರ ರದ್ದಾಗಬಹುದು.

ಹಾಗಾದರೆ ಹೊಲದ ಗತಿ?

ಉಯಿಲು, ತಕರಾರು ಇಲ್ಲದ ಮನೆಗಳಲ್ಲಿ ಸಾಮಾನ್ಯವಾಗಿ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಇಟ್ಟು ಪೌತಿ ಖಾತೆಗೆ ಅರ್ಜಿ ಹಾಕಿದರೆ ಸಾಕು. ನೆನಪಿಡಿ, ಖಾತೆ ಕಂದಾಯದ ದಾಖಲೆ, ಮಾಲೀಕತ್ವದ ತೀರ್ಪಲ್ಲ. ಪಹಣಿಯಲ್ಲಿ ಅಣ್ಣನ ಹೆಸರೊಂದೇ ಬಂದಿತೆಂದು ತಂಗಿಯ ಹಕ್ಕು ಹೋಗುವುದಿಲ್ಲ.

ಯಾರಾದರೂ “ರಿನ್ಯೂ ಮಾಡಿಸಿಕೊಡ್ತೀನಿ” ಎಂದು ದುಡ್ಡು ಕೇಳಿದರೆ, ಯಾವ ಕಾಗದ, ಯಾವ ಸೆಕ್ಷನ್ ಎಂದು ಮೊದಲು ಕೇಳಿ. ವಕೀಲರ ಫೀಸು ಕಟ್ಟಲಾಗದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ನೆರವು ಕೇಳಬಹುದು. ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಅದು ಉಚಿತ. ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ.